ಹರಿಕೇನ್ ಬಂದಾಗ ದನ ಎಲ್ಲಿರಬೇಕು? ಬಾರ್ನ್, ಬಯಲು, ಟ್ರೇಲರ್: ಟೆಕ್ಸಸ್ ಕರಾವಳಿಯ ಸಣ್ಣ ರಾಂಚ್‌ನವರಿಗೆ

ಜೂನ್ 1ಕ್ಕೆ ಅಟ್ಲಾಂಟಿಕ್ ಹರಿಕೇನ್ (ಚಂಡಮಾರುತ) ಸೀಸನ್ ಶುರುವಾಗುತ್ತದೆ, ನವೆಂಬರ್ 30ರವರೆಗೆ ಇರುತ್ತದೆ. ಸೆಪ್ಟೆಂಬರ್ ಎರಡನೇ ವಾರದ ಹೊತ್ತಿಗೆ ಜೋರು ಜಾಸ್ತಿ. ಹ್ಯೂಸ್ಟನ್ ಸುತ್ತಮುತ್ತ ಐದೋ ಹತ್ತೋ ಎಕರೆ ತಗೊಂಡು ನಾಲ್ಕು ಹಸು ಸಾಕುತ್ತಿರುವ ನಮ್ಮವರು ಇದ್ದಾರೆ. ಕೆಲವರು ಆಸ್ತಿ ತೆರಿಗೆಯಲ್ಲಿ ಕೃಷಿ ರಿಯಾಯಿತಿ ಸಿಗುತ್ತದೆ ಅಂತ ಶುರು ಮಾಡಿದವರು, ಕೆಲವರು ಊರಿನ ಕೊಟ್ಟಿಗೆ ಮರೆಯಲಾಗದೆ ಶುರು ಮಾಡಿದವರು. ಸೀಸನ್ ಬಂದಾಗ ಎಲ್ಲರದ್ದೂ ಒಂದೇ ಪ್ರಶ್ನೆ. ಬಾರ್ನ್ (ಇಲ್ಲಿನ ಕೊಟ್ಟಿಗೆ) ಒಳಗೆ ಹಾಕಿ ಬಾಗಿಲು ಹಾಕೋದಾ? ಬಯಲಿಗೆ ಬಿಡೋದಾ? ಟ್ರೇಲರ್ ಹತ್ತಿಸಿಕೊಂಡು ಹೊರಟುಬಿಡೋದಾ?

ಎಲ್ಲರಿಗೂ ಹೊಂದುವ ಒಂದು ಉತ್ತರ ಇಲ್ಲ. ಆದರೆ ಎಲ್ಲರೂ ಮೊದಲು ತಿಳಿದುಕೊಳ್ಳಬೇಕಾದ ವಿಷಯ ಒಂದಿದೆ: ನಿಮ್ಮ ಜಾಗದಲ್ಲಿ ದನಕ್ಕೆ ಅಪಾಯ ನೀರಿನಿಂದಲೋ, ಗಾಳಿಯಿಂದಲೋ? ಇದು ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ. ಬಿರುಗಾಳಿಗೆ ಹೆಸರಿಟ್ಟ ಮೇಲೆ ಕೂತು ಯೋಚಿಸುವ ವಿಷಯ ಇದಲ್ಲ. ಮೇ ತಿಂಗಳಲ್ಲೇ ಮುಗಿಸಿ.

ಯಾವುದನ್ನು ಅಳೆಯಬೇಕು

ಮೊದಲು ನೀರು. ಅದು ಮೂರು ರೀತಿಯಲ್ಲಿ ಬರುತ್ತದೆ. ಸಮುದ್ರ ಉಕ್ಕಿ ಒಳಗೆ ನುಗ್ಗುವುದು ಒಂದು. ನದಿ ಏರುವುದು ಇನ್ನೊಂದು. ಮಳೆ ನೀರು ಹರಿದುಹೋಗದೆ ನಿಂತುಬಿಡುವುದು ಮೂರನೆಯದು.

2008ರ ಸೆಪ್ಟೆಂಬರ್ 13ರಂದು ಗಾಲ್ವೆಸ್ಟನ್‌ಗೆ ಅಪ್ಪಳಿಸಿದ ಐಕ್ ಹರಿಕೇನ್, ಗಾಳಿಯ ಲೆಕ್ಕದಲ್ಲಿ (1ರಿಂದ 5ರವರೆಗಿನ ಅಳತೆಯಲ್ಲಿ) ಬರೀ ಕೆಟಗರಿ 2. ಆದರೆ ಚೇಂಬರ್ಸ್ ಕೌಂಟಿಯ ಕಡೆ ಸಮುದ್ರ ಹದಿನೈದು ಅಡಿಗೂ ಮೇಲೆ ಏರಿತು. ಸಾವಿರಾರು ದನ ಸತ್ತವು. ಬದುಕಿದವಕ್ಕೆ ಕುಡಿಯಲು ನೀರಿಲ್ಲ, ಯಾಕೆಂದರೆ ಹೊಂಡವೆಲ್ಲ ಉಪ್ಪಾಗಿತ್ತು, ಹುಲ್ಲೂ ಉಪ್ಪಾಗಿತ್ತು. ಕೆಟಗರಿ ಅನ್ನೋ ನಂಬರ್ ಗಾಳಿಯ ವೇಗವನ್ನು ಮಾತ್ರ ಹೇಳುತ್ತದೆ. ನೀರಿನ ಬಗ್ಗೆ ಅದು ಏನೂ ಹೇಳುವುದಿಲ್ಲ. "ಕೆಟಗರಿ 1 ತಾನೇ" ಅಂತ ಸುಮ್ಮನಿರುವವರನ್ನು ಕಂಡರೆ ನನಗೆ ಭಯವಾಗುವುದು ಇದಕ್ಕೇ.

2017ರ ಹಾರ್ವಿಯದ್ದು ಬೇರೆ ಕಥೆ. ಆಗಸ್ಟ್ 25ರ ರಾತ್ರಿ ರಾಕ್‌ಪೋರ್ಟ್ ಹತ್ತಿರ ಕೆಟಗರಿ 4 ಆಗಿ ದಡಕ್ಕೆ ಬಂತು. ಆಮೇಲೆ ಮುಂದೆ ಹೋಗದೆ ಅಲ್ಲೇ ಸುತ್ತಾಡುತ್ತಾ ಮಳೆ ಸುರಿಯಿತು. ನೆಡರ್‌ಲ್ಯಾಂಡ್‌ನಲ್ಲಿ 60 ಇಂಚು, ಅಂದರೆ ಒಂದೂವರೆ ಮೀಟರ್ ಮಳೆ! ರಿಚ್ಮಂಡ್ ಬಳಿ ಬ್ರಾಜೋಸ್ ನದಿಯ ಮಟ್ಟ 55 ಅಡಿ ದಾಟಿತು. ಅದೂ ಗಾಳಿ ನಿಂತು ದಿನಗಳಾದ ಮೇಲೆ, ಸೆಪ್ಟೆಂಬರ್ ಶುರುವಿನಲ್ಲಿ. ವಿಪತ್ತು ಘೋಷಣೆಯಾದ 54 ಕೌಂಟಿಗಳಲ್ಲಿ 12 ಲಕ್ಷದಷ್ಟು ಮಾಂಸದ ತಳಿಯ ಹಸುಗಳಿದ್ದವು, ರಾಜ್ಯದ ಒಟ್ಟು ಹಸುಗಳಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ. ನದಿ ಬಯಲಿನಲ್ಲಿರುವವರು ನೆನಪಿಡಿ: ಬಿಸಿಲು ಬಂತು ಅಂದಮಾತ್ರಕ್ಕೆ ಅಪಾಯ ಮುಗಿದಿರುವುದಿಲ್ಲ.

ನಿಮ್ಮ ಜಾಗದ ಲೆಕ್ಕ ತಿಳಿಯಲು ಫೀಮಾದ (ಫೆಡರಲ್ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ) ಫ್ಲಡ್ ಮ್ಯಾಪ್‌ನಲ್ಲಿ ವಿಳಾಸ ಹಾಕಿ ನೋಡಿ. ವಿ ಅಂತ ಶುರುವಾಗುವ ಝೋನ್ ಆದರೆ ಸಮುದ್ರದ ಅಲೆ ಬರುವ ಜಾಗ. ಎ ಅಂತ ಶುರುವಾದರೆ ಪ್ರವಾಹದ ಜಾಗ. ಅಷ್ಟಕ್ಕೇ ನಿಲ್ಲಿಸಬೇಡಿ. ಹಾರ್ವಿಯಲ್ಲಿ ಆ ಗೆರೆಗಳ ಹೊರಗಿದ್ದ ಎಷ್ಟೋ ಮನೆಗಳು ಮುಳುಗಿದವು. ಪಕ್ಕದ ಜಮೀನಿನ ಹಳಬರನ್ನು ಕೇಳಿ. ಹಳೆಯ ಬಾರ್ನ್ ಇದ್ದರೆ ಅದರ ಮರದ ಕಂಬಗಳನ್ನು ಹತ್ತಿರದಿಂದ ನೋಡಿ. ನೀರು ನಿಂತ ಎತ್ತರಕ್ಕೆ ಒಂದು ಮಣ್ಣಿನ ಗೆರೆ ಉಳಿದಿರುತ್ತದೆ, ಅದರ ಕೆಳಗೆ ಮರದ ಬಣ್ಣವೇ ಬೇರೆ. ಆ ಗೆರೆ ನಿಮ್ಮ ಹಸುವಿನ ಹೊಟ್ಟೆಗಿಂತ ಮೇಲಿದ್ದರೆ ಆ ಜಾಗದಲ್ಲಿ ದನ ಬಿಡುವ ಮಾತೇ ಬೇಡ.

ಎರಡನೆಯದು ಗಾಳಿ. ಕೆಟಗರಿ 1 ಅಂದರೆ ಗಂಟೆಗೆ 119 ಕಿಲೋಮೀಟರ್‌ನಿಂದ ಶುರು. ಕೆಟಗರಿ 3 ಅಂದರೆ 178ರಿಂದ. ಇಲ್ಲಿನ ಬಾರ್ನ್‌ಗಳು ಹೆಚ್ಚಿನವು ಕಂಬ ನೆಟ್ಟು ತಗಡು ಹೊದಿಸಿದವು. ಎಷ್ಟು ಗಾಳಿ ತಡೆಯುತ್ತದೆ ಅನ್ನುವ ಕಾಗದ ನಿಮ್ಮ ಹತ್ತಿರ ಇಲ್ಲದಿದ್ದರೆ, ತಡೆಯುವುದಿಲ್ಲ ಅಂತಲೇ ಅಂದುಕೊಳ್ಳಿ.

ಮೂರನೆಯದು ಸಮಯ. ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್ ಕೊಡುವ 'ವಾಚ್', ಜೋರು ಗಾಳಿ ತಲುಪುವ 48 ಗಂಟೆ ಮೊದಲು ಬರುತ್ತದೆ. 'ವಾರ್ನಿಂಗ್' 36 ಗಂಟೆ ಮೊದಲು. ಮನುಷ್ಯರು ಹೊರಡಲು ಅದು ಸಾಕು. ದನ ಹತ್ತಿಸಿ, ಸಾಗಿಸಿ, ವಾಪಸ್ ಬಂದು ಇನ್ನೊಂದು ಲೋಡ್ ತಗೊಂಡು ಹೋಗಲು ಸಾಕಾಗುವುದಿಲ್ಲ. ಹಾರ್ವಿ ಮೆಕ್ಸಿಕೋ ಕೊಲ್ಲಿಯಲ್ಲಿ ಮತ್ತೆ ಚೇತರಿಸಿಕೊಂಡು ವಾಯುಭಾರ ಕುಸಿತ ಆಗಿದ್ದು ಆಗಸ್ಟ್ 23ರ ಬೆಳಗ್ಗೆ. ದಡಕ್ಕೆ ಬಂದಿದ್ದು 25ರ ರಾತ್ರಿ. ಮೂರು ದಿನವೂ ಸಿಗಲಿಲ್ಲ.

ಇನ್ನುಳಿದದ್ದು ನಿಮ್ಮ ದನಗಳ ಸ್ವಭಾವ ಮತ್ತು ನಿಮ್ಮ ಜೇಬು. ಟ್ರೇಲರ್ ಕಂಡರೆ ಓಡುವ ಹಸುವಿದ್ದರೆ ಟ್ರೇಲರ್ ಇದ್ದೂ ಪ್ರಯೋಜನವಿಲ್ಲ.

ಬಾರ್ನ್ ಒಳಗೆ ಕೂಡುವುದು

ಮಳೆ ಗಾಳಿ ಬಂತು ಅಂದರೆ ದನವನ್ನು ಕೊಟ್ಟಿಗೆಗೆ ತಂದು ಗೂಟಕ್ಕೆ ಕಟ್ಟುವುದು ನಮ್ಮ ರಕ್ತದಲ್ಲೇ ಇದೆ. ಮಲೆನಾಡಿನ ಮಳೆಗೆ ಅದು ಸರಿ. ಇಲ್ಲಿ ಅದೇ ಅಭ್ಯಾಸ ದನದ ಪ್ರಾಣ ತೆಗೆಯಬಹುದು. ಛಾವಣಿ ಕುಸಿದರೆ, ಒಳಗೆ ನೀರು ನುಗ್ಗಿದರೆ, ಕಟ್ಟಿದ ದನಕ್ಕೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಹರಿಕೇನ್ ಬರುವಾಗ ಹಗ್ಗ ಹಾಕಿ ಕಟ್ಟಬೇಡಿ. ಯಾವ ಕಾರಣಕ್ಕೂ ಬೇಡ.

ಹಾಗಂತ ಬಾರ್ನ್ ಯಾವಾಗಲೂ ತಪ್ಪು ಅಂತ ನಾನು ಹೇಳುವುದಿಲ್ಲ. ಎತ್ತರದ ಜಾಗ, ಎಂಜಿನಿಯರ್ ಲೆಕ್ಕ ಹಾಕಿ ಕಟ್ಟಿದ ಕಟ್ಟಡ, ಬರುತ್ತಿರುವುದು ಕೆಟಗರಿ 1: ಈ ಮೂರೂ ಸೇರಿದರೆ ಎಳೆಗರು, ಆಡು, ಕುರಿ, ಕೋಳಿಗಳಿಗೆ ಬಾರ್ನ್ ಒಳ್ಳೆಯದೇ. ಆಡುಗಳು ಗಂಟೆಗಟ್ಟಲೆ ತೊಯ್ದರೆ ತಡೆದುಕೊಳ್ಳುವುದಿಲ್ಲ. ಕೆಸರಲ್ಲಿ ನಿಂತರೆ ಗೊರಸು ಕೊಳೆಯುತ್ತದೆ. ಮಳೆ ನಿಂತ ವಾರಗಳಲ್ಲಿ ಹೊಟ್ಟೆಹುಳುವಿನ ಕಾಟ ಬೇರೆ. ಅವಕ್ಕೆ ಒಣ ನೆಲ ಬೇಕೇ ಬೇಕು. ದೊಡ್ಡ ದನಗಳ ಮಾತು ಬೇರೆ. ಮಳೆ ಅವನ್ನು ಕೊಲ್ಲುವುದಿಲ್ಲ. ತಲೆ ಮೇಲೆ ಬೀಳುವ ಮರದ ದಿಮ್ಮಿ ಕೊಲ್ಲುತ್ತದೆ.

ಬಯಲಿಗೆ ಬಿಡುವುದು

ನೀರು ಏರದ ಜಾಗವಾದರೆ ದೊಡ್ಡ ದನಗಳಿಗೆ ಇದು ಬಾರ್ನ್‌ಗಿಂತ ಮೇಲು. ಕೇಳಿದ ತಕ್ಷಣ ಮನಸ್ಸು ಒಪ್ಪುವುದಿಲ್ಲ, ಅಲ್ವಾ? ಆದರೆ ದನ ಗಾಳಿಗೆ ಬೆನ್ನು ತಿರುಗಿಸಿ ತಲೆ ತಗ್ಗಿಸಿ ನಿಲ್ಲುತ್ತದೆ, ಹಾರಿ ಬಂದದ್ದರಿಂದ ಪಕ್ಕಕ್ಕೆ ಸರಿಯುತ್ತದೆ, ನೀರು ಬಂದರೆ ದಿಬ್ಬ ಹುಡುಕುತ್ತದೆ. ಇದಕ್ಕೆಲ್ಲ ಅದಕ್ಕೆ ಜಾಗ ಬೇಕು. ಅಷ್ಟೇ.

ಆದರೆ ಎಂಥ ಬಯಲು ಅನ್ನುವುದು ಮುಖ್ಯ. ಒಂದು ಎಕರೆಗಿಂತ ಚಿಕ್ಕದಾದರೆ ಬೇಡ. ಮೇಲೆ ಕರೆಂಟ್ ತಂತಿ ಹಾದುಹೋಗಿರಬಾರದು. ಬುಡ ಸಡಿಲವಾದ ದೊಡ್ಡ ಮರ ಇರಬಾರದು. ಬೇಲಿ ಮುಳ್ಳುತಂತಿಯದ್ದಾದರೆ ಯೋಚನೆ ಮಾಡಿ. ಗಾಳಿಯ ಜೊತೆ ಸರಿಯುತ್ತಾ ಹೋದ ದನಗಳು ಕೊನೆಗೆ ಬೇಲಿಯ ಮೂಲೆಯಲ್ಲಿ ಗುಂಪು ಸೇರುತ್ತವೆ. ಹಿಂದಿನವು ತಳ್ಳಿದರೆ ಮುಂದಿನವುಗಳ ಎದೆಗೆ ಮುಳ್ಳುತಂತಿ ಹೋಗುತ್ತದೆ. ನೇಯ್ದ ತಂತಿಯ ಬೇಲಿ ಎಷ್ಟೋ ವಾಸಿ. ಒಳಗಿನ ಗೇಟುಗಳನ್ನೆಲ್ಲ ತೆಗೆದು ಸರಪಳಿಯಿಂದ ಹಿಂದಕ್ಕೆ ಬಿಗಿಯಿರಿ, ಗಾಳಿಗೆ ಮುಚ್ಚಿಕೊಳ್ಳಬಾರದು. ಹೆದ್ದಾರಿ ಕಡೆಯ ಗೇಟು ಮಾತ್ರ ಮುಚ್ಚಿರಲಿ.

ಖರ್ಚು ಹೆಚ್ಚೇನಿಲ್ಲ, ಬೆವರು ಸುರಿಸಬೇಕು. ಹಳೆಯ ತಗಡು, ಹಲಗೆ, ಬಕೆಟ್, ಮಕ್ಕಳ ಟ್ರ್ಯಾಂಪೊಲಿನ್, ಎಲ್ಲವನ್ನೂ ತೆಗೆಯಬೇಕು ಅಥವಾ ಕಟ್ಟಬೇಕು. ತಗಡಿನ ನೀರಿನ ತೊಟ್ಟಿ ಖಾಲಿ ಇದ್ದರೆ ಅದೂ ಹಾರುತ್ತದೆ. ತುಂಬಿ ಇಡಿ, ಭಾರಕ್ಕೂ ಆಯಿತು, ಕುಡಿಯಲಿಕ್ಕೂ ಆಯಿತು.

ಎತ್ತರದ ಜಾಗಕ್ಕೆ ಸರಿಸುವುದು

ನನ್ನನ್ನು ಕೇಳಿದರೆ ಸಣ್ಣ ರಾಂಚ್‌ನವರಿಗೆ ಅತಿ ಹೆಚ್ಚು ಪ್ರಯೋಜನ ಕೊಡುವುದು ಇದೇ. ಮಾತಾಡುವವರು ಕಡಿಮೆ. ನೂರು ಮೈಲಿ ಹೋಗಬೇಕಾಗಿಲ್ಲ. ಬ್ರಾಜೋಸ್ ಬಯಲಿನಿಂದ ಬೆಲ್‌ವಿಲ್, ಬ್ರೆನಮ್ ಕಡೆ ಹೊರಟರೆ ನೆಲ ಏರುತ್ತಾ ಹೋಗುತ್ತದೆ. ಅಷ್ಟು ದೂರವೂ ಬೇಕಿಲ್ಲದೆ ಇರಬಹುದು. ಎರಡು ಮೈಲಿ ಆಚೆ, ನಿಮ್ಮದಕ್ಕಿಂತ ಹತ್ತು ಅಡಿ ಎತ್ತರದಲ್ಲಿ ಇನ್ನೊಬ್ಬರ ಹುಲ್ಲುಗಾವಲು ಇದ್ದರೆ ನಿಮ್ಮ ಸಮಸ್ಯೆ ಅಲ್ಲೇ ಮುಗಿಯಬಹುದು.

ಇದಕ್ಕೆ ಬೇಕಾದದ್ದು ಸ್ನೇಹ ಮತ್ತು ಒಂದು ಕಾಗದ. ಜೂನ್‌ಗೆ ಮೊದಲೇ ಹೋಗಿ ಮಾತಾಡಿ. ಎಷ್ಟು ದನ, ಎಷ್ಟು ದಿನ, ಮೇವು ಯಾರದ್ದು, ಬೇಲಿ ಮುರಿದರೆ ಯಾರು ಕೊಡುವುದು ಅಂತ ಬರೆದುಕೊಳ್ಳಿ. ನಿಮ್ಮ ಹೋರಿ ಅವರ ಹಿಂಡಿಗೆ ಸೇರಬಾರದು, ಅವರದ್ದು ನಿಮ್ಮದಕ್ಕೆ ಸೇರಬಾರದು, ಅದಕ್ಕೆ ಬೇರೆ ಪ್ಯಾಡಕ್ (ಬೇಲಿ ಹಾಕಿದ ತುಂಡು ಜಾಗ) ಬೇಕು. ಎರಡೂ ಕಡೆಯ ದನಗಳಿಗೆ ಲಸಿಕೆ ಆಗಿರಬೇಕು. ಪ್ರವಾಹದ ನಂತರ ಚಪ್ಪೆರೋಗದ ಭಯ ಇದ್ದೇ ಇರುತ್ತದೆ. ಪ್ರತಿಯಾಗಿ ನೀವೇನು ಕೊಡುತ್ತೀರಿ? ವರ್ಷಕ್ಕೆ ಒಂದಿಷ್ಟು ಬಾಡಿಗೆ ಅಥವಾ ಅವರ ಬೇಲಿ ಕೆಲಸಕ್ಕೆ ನಿಮ್ಮ ಕೈ. ಟ್ರೇಲರ್ ಬೆಲೆಗೆ ಹೋಲಿಸಿದರೆ ಏನೂ ಅಲ್ಲ.

ಸ್ವಂತ ಜಮೀನಿನಲ್ಲೇ ಮಣ್ಣು ಏರಿಸಿ ದಿಬ್ಬ ಮಾಡಿಸುವವರೂ ಇದ್ದಾರೆ. ಮಳೆ ನೀರು ಒಂದೆರಡು ಅಡಿ ನಿಲ್ಲುವ ಕೇಟಿಯ ಹಳೆಯ ಭತ್ತದ ಗದ್ದೆಗಳಂಥ ಚಪ್ಪಟೆ ನೆಲಕ್ಕೆ ಒಳ್ಳೆಯ ಉಪಾಯ. ಹೊಂಡ ತೋಡುವಾಗ ಬಂದ ಮಣ್ಣನ್ನೇ ಬಳಸಿದರೆ ಖರ್ಚು ಇಳಿಯುತ್ತದೆ. ಮಣ್ಣು ಏರಿಸುವ ಮೊದಲು ಕೌಂಟಿಯ ಅನುಮತಿ ಕೇಳಿ, ನಿಮ್ಮ ದಿಬ್ಬ ಪಕ್ಕದವರ ಕಡೆ ನೀರು ತಿರುಗಿಸಬಾರದು. ಸಮುದ್ರ ಉಕ್ಕುವ ಜಾಗದಲ್ಲಿ ಮಾತ್ರ ಸಣ್ಣ ದಿಬ್ಬವನ್ನು ನಂಬಬೇಡಿ.

ಟ್ರೇಲರ್ ಹತ್ತಿಸಿ ದೂರ ಹೋಗುವುದು

ಕರಾವಳಿಗೆ ಅಂಟಿಕೊಂಡಿರುವ ಅನಹುವಾಕ್, ಏಂಗಲ್‌ಟನ್‌ನ ದಕ್ಷಿಣ, ಮ್ಯಾಟಗೋರ್ಡಾ ಕಡೆಯವರಿಗೆ ಸಮುದ್ರ ಬರುತ್ತದೆ ಅಂದರೆ ಬೇರೆ ದಾರಿ ಇಲ್ಲ. ಕೆಲಸ ಕಷ್ಟ, ಖರ್ಚೂ ಹೆಚ್ಚು, ಬೇಗ ಮಾಡಿದರೆ ಮಾತ್ರ ಫಲ.

ಲೆಕ್ಕ ಹಾಕಿ. ಹದಿನಾರು ಅಡಿಯ ಸ್ಟಾಕ್ ಟ್ರೇಲರ್‌ನಲ್ಲಿ ಬೆಳೆದ ಹಸು ಆರರಿಂದ ಎಂಟು ಹಿಡಿಯುತ್ತವೆ. ನಿಮ್ಮ ಹತ್ತಿರ ಇಪ್ಪತ್ತಿದ್ದರೆ ಮೂರೋ ನಾಲ್ಕೋ ಟ್ರಿಪ್. ಮಾಮೂಲಿ ದಿನ ಎರಡು ಗಂಟೆಯ ದಾರಿ, ಎಲ್ಲರೂ ಊರು ಬಿಡುವ ದಿನ ಎಷ್ಟಾಗುತ್ತದೆ ಅಂತ ಹೇಳಲಾಗದು. 2005ರಲ್ಲಿ ರೀಟಾ ಬರುತ್ತದೆ ಅಂತ ಹ್ಯೂಸ್ಟನ್ ಹೊರಟಾಗ ಸುಮಾರು ನೂರು ಮೈಲಿ ಉದ್ದಕ್ಕೂ ಗಾಡಿಗಳು ನಿಂತುಬಿಟ್ಟವು. ಕಾರಿನಲ್ಲಿದ್ದ ಜನರೇ ಬಿಸಿಲಿಗೆ ಸತ್ತರು. ತಗಡಿನ ಟ್ರೇಲರ್‌ನಲ್ಲಿ ನಿಂತ ದನದ ಗತಿ ಯೋಚಿಸಿ. ಅದಕ್ಕೇ ಹೇಳುವುದು, ವಾಚ್ ಬರುವ ಮೊದಲೇ ದನ ಹೊರಟಿರಬೇಕು. ತಡವಾಯಿತು ಅನ್ನಿಸಿದರೆ ಹೊರಡಲೇಬೇಡಿ. ಗಾಳಿ ಗಂಟೆಗೆ 40 ಮೈಲಿ ಮುಟ್ಟಿದ ಮೇಲೆ ಟ್ರೇಲರ್ ಎಳೆಯುವುದು ಯಾವ ಬಯಲಿಗಿಂತಲೂ ಅಪಾಯ. ಅಂಥ ಹೊತ್ತಿನಲ್ಲಿ ಹತ್ತಿರದ ಎತ್ತರದ ಜಾಗವೇ ಗತಿ.

ದೊಡ್ಡ ಬಿರುಗಾಳಿ ಬಂದಾಗ ಒಳನಾಡಿನ ಕೌಂಟಿ ಫೇರ್‌ಗ್ರೌಂಡ್‌ಗಳು, ಎಕ್ಸ್‌ಪೋ ಕೇಂದ್ರಗಳು ದನ ಕುದುರೆಗಳಿಗೆ ತೆರೆದುಕೊಳ್ಳುತ್ತವೆ. ಯಾವುದು ತೆರೆದಿದೆ ಅಂತ ಸಹಾಯವಾಣಿ 211ಕ್ಕೆ ಫೋನ್ ಮಾಡಿ ಕೇಳಬಹುದು. ಜಾಗ ತುಂಬಿದರೆ ತುಂಬಿತು, ಇನ್ನೊಂದು ವಿಳಾಸ ಕೈಯಲ್ಲಿರಲಿ. ರಾಜ್ಯದ ಗಡಿ ದಾಟುವುದಾದರೆ ಪಶುವೈದ್ಯರು ಕೊಡುವ ಆರೋಗ್ಯ ಪ್ರಮಾಣಪತ್ರ ಬೇಕು. ಕುದುರೆಗೆ ಹನ್ನೆರಡು ತಿಂಗಳೊಳಗಿನ ಕಾಗಿನ್ಸ್ ಪರೀಕ್ಷೆಯ (ಕುದುರೆಗಳ ಒಂದು ಸಾಂಕ್ರಾಮಿಕ ರಕ್ತಹೀನತೆ ರೋಗಕ್ಕೆ ಮಾಡುವ ರಕ್ತಪರೀಕ್ಷೆ) ಕಾಗದವೂ ಬೇಕು. ತುರ್ತಿನಲ್ಲಿ ಕೆಲವೊಮ್ಮೆ ನಿಯಮ ಸಡಿಲಿಸುತ್ತಾರೆ, ಅದನ್ನು ನೆಚ್ಚಿಕೊಂಡು ಕೂರಬೇಡಿ.

ಟ್ರೇಲರ್ ಹಳೆಯದಾದರೂ ಸಾವಿರಾರು ಡಾಲರ್. ಎಳೆಯಲು ತಕ್ಕ ಪಿಕಪ್ ಬೇಕು. ಬಾಡಿಗೆಗೆ ಸಿಗುತ್ತದಲ್ವಾ ಅಂತ ಕೇಳುತ್ತಾರೆ. ಮಾಮೂಲಿ ದಿನ ಸಿಗುತ್ತದೆ, ಬಿರುಗಾಳಿ ಬರುವ ವಾರ ಸಿಗುವುದಿಲ್ಲ. ಇಬ್ಬರು ಮೂವರು ಸೇರಿ ಒಂದು ಕೊಳ್ಳುವುದಾದರೆ ಮೊದಲು ಯಾರ ದನ ಹೋಗುತ್ತದೆ ಅಂತ ಈಗಲೇ ತೀರ್ಮಾನಿಸಿ. ಕೊಂಡ ಮೇಲೆ ಬೇಸಿಗೆಯಲ್ಲೇ ಟ್ರೇಲರನ್ನು ಹುಲ್ಲುಗಾವಲಲ್ಲಿ ಬಾಗಿಲು ತೆರೆದು ನಿಲ್ಲಿಸಿ, ಒಳಗೆ ಹಿಂಡಿ ಇಡಿ. ತಿನ್ನಲು ತಾವಾಗಿ ಹತ್ತುವ ದನ ಗಾಬರಿಯ ದಿನವೂ ಹತ್ತುತ್ತದೆ.

ದನ ಕಡಿಮೆ ಮಾಡುವುದು

ಇಲ್ಲಿನ ರಾಂಚ್‌ನವರು ಸೀಸನ್ ಜೋರಾಗುವ ಮೊದಲೇ ಹಾಲು ಬಿಡಿಸಿದ ಕರುಗಳನ್ನು ಹರಾಜಿಗೆ ಒಯ್ದು ಹಿಂಡು ಇಳಿಸುತ್ತಾರೆ. ಲೆಕ್ಕದ ಪ್ರಕಾರ ಜಾಣತನ. ನಮ್ಮಲ್ಲಿ ಅನೇಕರಿಗೆ ಅದು ಆಗುವ ಮಾತಲ್ಲ. ಹರಾಜಿಗೆ ಹೋದ ಕರು ಕೊನೆಗೆ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿದೆ. ಹಾಗಾದರೆ ಇನ್ನೊಂದು ತುದಿಯಿಂದ ಯೋಚಿಸಿ: ನಿಮ್ಮ ಟ್ರೇಲರ್ ಎರಡು ಟ್ರಿಪ್‌ನಲ್ಲಿ ಸಾಗಿಸಲಾರದಷ್ಟು ದನ ಸಾಕಲೇಬೇಡಿ. ಮಾರುವುದಿಲ್ಲ ಅನ್ನುವವರು ಹೋರಿ ಬಿಡುವ ಮೊದಲು ಈ ಲೆಕ್ಕ ಹಾಕಬೇಕು. ಪ್ರೀತಿಯಿಂದ ಸಾಕುವುದರಲ್ಲಿ ಇದೂ ಸೇರಿದೆ ಅಂತ ನಾನು ನಂಬಿದ್ದೇನೆ.

ಯಾವ ದಾರಿ ಹಿಡಿದರೂ ಬೇಕಾದದ್ದು

ಬೋರ್‌ವೆಲ್ ನಂಬಿಕೊಂಡವರು 2024ರ ಬೆರಿಲ್ ನೆನಪಿಸಿಕೊಳ್ಳಿ. ಜುಲೈ 8ರಂದು ಬಂದದ್ದು ಕೆಟಗರಿ 1. ಹ್ಯೂಸ್ಟನ್ ಸುತ್ತ 20 ಲಕ್ಷಕ್ಕೂ ಜಾಸ್ತಿ ಮನೆ ಅಂಗಡಿಗಳ ಕರೆಂಟ್ ಹೋಯಿತು, ಕೆಲವರಿಗೆ ವಾರ ಕಳೆದರೂ ಬರಲಿಲ್ಲ. ಕರೆಂಟ್ ಇಲ್ಲದೆ ಪಂಪ್ ಇಲ್ಲ, ಪಂಪ್ ಇಲ್ಲದೆ ನೀರಿಲ್ಲ. ಟೆಕ್ಸಸ್ ಬಿಸಿಲಿನಲ್ಲಿ ಒಂದು ಹಸುವಿಗೆ ದಿನಕ್ಕೆ 20 ಗ್ಯಾಲನ್, ಅಂದರೆ 75 ಲೀಟರ್ ನೀರು ಬೇಕು. ಹತ್ತು ಹಸುವಿಗೆ ಒಂದು ವಾರಕ್ಕೆ 1,400 ಗ್ಯಾಲನ್. ಕಬ್ಬಿಣದ ಪಂಜರದಲ್ಲಿ ಬರುವ 275 ಗ್ಯಾಲನ್‌ನ ಚೌಕದ ಪ್ಲಾಸ್ಟಿಕ್ ಟ್ಯಾಂಕ್ ಐದು ಇಟ್ಟುಕೊಂಡರೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಮೊದಲು ಅದರಲ್ಲಿ ಏನು ತುಂಬಿದ್ದರು ಅಂತ ಕೇಳಿ ಕೊಳ್ಳಿ, ರಾಸಾಯನಿಕ ತುಂಬಿದ್ದು ಬೇಡ. ಜನರೇಟರ್ ಕೊಳ್ಳುವುದಾದರೆ ನಿಮ್ಮ ಪಂಪ್ 240 ವೋಲ್ಟಿನದ್ದೋ ನೋಡಿ, ಅದಕ್ಕೆ ಹೊಂದುವಂಥದ್ದನ್ನೇ ತಗೊಳ್ಳಿ. ಬಾರ್ನ್ ಒಳಗೆ, ಗ್ಯಾರೇಜ್ ಒಳಗೆ ಓಡಿಸಬೇಡಿ. ಹೊಗೆ ಕಾಣದೇ ಇದ್ದರೂ ಆ ವಿಷಗಾಳಿ ಕೊಲ್ಲುತ್ತದೆ.

ಗುರುತು ಮರೆಯಬೇಡಿ. ಬೇಲಿ ಬಿದ್ದರೆ ನಿಮ್ಮ ದನ ಮೂರು ಜಮೀನಿನಾಚೆ ಇರುತ್ತದೆ. ಕಿವಿ ಓಲೆ ಇರಲಿ, ಅದರ ಮೇಲೆ ಫೋನ್ ನಂಬರ್ ಇರಲಿ, ಮೈಮೇಲೆ ದನಕ್ಕೆ ಹಚ್ಚುವ ಬಣ್ಣದಿಂದಲೂ ದೊಡ್ಡದಾಗಿ ಬರೆಯಿರಿ. ಪ್ರತಿ ದನದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಿ. ಯುಎಸ್‌ಡಿಎಯ (ಅಮೆರಿಕದ ಕೃಷಿ ಇಲಾಖೆ) ಲೈವ್‌ಸ್ಟಾಕ್ ಇಂಡೆಮ್ನಿಟಿ ಪ್ರೋಗ್ರಾಂ ಅನ್ನುವ ಪರಿಹಾರ ಯೋಜನೆ ಹವಾಮಾನದಿಂದ ಸತ್ತ ದನಕ್ಕೆ ಮಾರುಕಟ್ಟೆ ಬೆಲೆಯ 75 ಶೇಕಡಾ ಕೊಡುತ್ತದೆ, ಆದರೆ ದಾಖಲೆ ಕೇಳುತ್ತದೆ, ಮತ್ತು ವ್ಯಾಪಾರಕ್ಕೆ ಸಾಕಿದ ದನಕ್ಕೆ ಮಾತ್ರ. ಮನೆಯ ಹಾಲಿಗೆ, ಪ್ರೀತಿಗೆ ಅಂತ ಸಾಕಿದ್ದಕ್ಕೆ ಅಲ್ಲ.

ಗಾಳಿ ನಿಂತ ಮೇಲೆ ಮುರಿದುಬಿದ್ದ ಕೊಂಬೆಗಳ ಮೇಲೆ ಕಣ್ಣಿಡಿ. ಚೆರ್ರಿ ಜಾತಿಯ ಮರಗಳ ಬಾಡಿದ ಎಲೆಯಲ್ಲಿ ಸಯನೈಡ್ ಹುಟ್ಟುತ್ತದೆ, ಹಸಿದ ದನ ಅದನ್ನು ತಿಂದರೆ ಉಳಿಯುವುದು ಕಷ್ಟ. ಬೇಲಿ ಕಟ್ಟುವುದು ಆಮೇಲೆ, ಕೊಂಬೆ ಎಳೆಯುವುದು ಮೊದಲು.

ನಿಮಗೆ ಯಾವುದು?

ಕೇಟಿ, ವಾಲರ್ ಕಡೆ ಚಪ್ಪಟೆ ನೆಲ, ನಾಲ್ಕಾರು ಹಸು, ನೀರು ಮೊಣಕಾಲಿಗಿಂತ ಮೇಲೆ ನಿಂತ ಗುರುತಿಲ್ಲ: ಬಯಲಿಗೆ ಬಿಡಿ. ಟ್ರೇಲರ್‌ಗೆ ಹಾಕುವ ದುಡ್ಡನ್ನು ಒಳ್ಳೆಯ ಬೇಲಿಗೆ, ನೀರಿನ ಟ್ಯಾಂಕ್‌ಗೆ ಹಾಕಿ. ಉಳಿದರೆ ದಿಬ್ಬ ಮಾಡಿಸಿ.

ರೋಸೆನ್‌ಬರ್ಗ್, ಸಿಮಂಟನ್ ಕಡೆ ಬ್ರಾಜೋಸ್ ಹತ್ತಿರ ಇದ್ದೀರಾ? ಎತ್ತರದ ಹುಲ್ಲುಗಾವಲಿನವರ ಜೊತೆ ಒಪ್ಪಂದ ಮಾಡಿಕೊಳ್ಳಿ. ನದಿ ನಿಧಾನಕ್ಕೆ ಏರುವುದರಿಂದ ನಿಮಗೆ ಸ್ವಲ್ಪ ಸಮಯ ಸಿಗುತ್ತದೆ, ಆದರೆ ಅಷ್ಟರಲ್ಲಿ ರಸ್ತೆ ಮುಳುಗಿರುತ್ತದೆ. ಹಾಗಾಗಿ ಮಳೆಗೆ ಮೊದಲೇ ಸರಿಸಿ. ವಾಪಸ್ ತರುವ ಮೊದಲು ನದಿಯ ಮಟ್ಟ ಇಳಿಯುತ್ತಿದೆಯೇ ನೋಡಿ.

ಕರಾವಳಿಯಲ್ಲೇ ಇದ್ದು ಹತ್ತಕ್ಕಿಂತ ಕಡಿಮೆ ದನ ಇದ್ದರೆ ಟ್ರೇಲರ್ ಕೊಳ್ಳಿ, ಎರಡು ವಿಳಾಸ ಇಟ್ಟುಕೊಳ್ಳಿ, ಬೇಗ ಹೊರಡಿ. ಇಪ್ಪತ್ತಕ್ಕಿಂತ ಹೆಚ್ಚಿದ್ದರೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಒಳನಾಡಿನಲ್ಲಿ ಹುಲ್ಲುಗಾವಲು ಬಾಡಿಗೆಗೆ ತಗೊಂಡು ಅಲ್ಲೇ ಇಡುವುದು, ಪ್ರತಿ ಬಿರುಗಾಳಿಗೂ ಓಡುವುದಕ್ಕಿಂತ ಅಗ್ಗ ಬೀಳಬಹುದು. ಲೆಕ್ಕ ಹಾಕಿ ನೋಡಿ.

ಆಡು, ಕುರಿ, ಕೋಳಿ ಮಾತ್ರ ಇದ್ದವರಿಗೆ ಸುಲಭ. ನಾಯಿ ಸಾಗಿಸುವ ಪಂಜರಗಳಲ್ಲಿ ಹಾಕಿ ಮಿನಿವ್ಯಾನಿನ ಹಿಂದೆ ಇಟ್ಟುಕೊಂಡು ನಿಮ್ಮ ಜೊತೆಗೇ ಹೊರಡಿ. ಜನರ ಆಶ್ರಯ ಕೇಂದ್ರದಲ್ಲಿ ಅವನ್ನು ಬಿಟ್ಟುಕೊಳ್ಳುತ್ತಾರೆ ಅಂತ ಮಾತ್ರ ಅಂದುಕೊಳ್ಳಬೇಡಿ. 2006ರ ಫೆಡರಲ್ ಕಾನೂನು ನಾಯಿ, ಬೆಕ್ಕಿನಂಥ ಮನೆಪ್ರಾಣಿಗಳ ಬಗ್ಗೆ ಯೋಚಿಸಿದೆ, ಆಡಿನ ಬಗ್ಗೆ ಅಲ್ಲ. ಉಳಿಯಲು ಪರಿಚಯದವರ ಹಿತ್ತಿಲನ್ನೇ ಮೊದಲು ಕೇಳಿಟ್ಟುಕೊಳ್ಳಿ.

ಹೊರಡಿ ಅಂತ ಕೌಂಟಿ ಆದೇಶ ಕೊಟ್ಟ ಮೇಲೆ ದನ ಸಾಗಿಸಲು ಆಗದೇ ಹೋಯಿತು ಅಂದುಕೊಳ್ಳಿ. ಹಗ್ಗ, ಮೂಗುದಾರ, ಕುದುರೆಯ ನೈಲಾನ್ ಹಾಲ್ಟರ್ ಎಲ್ಲ ಬಿಚ್ಚಿ. ಒಳಗಿನ ಗೇಟು ತೆರೆಯಿರಿ, ತೊಟ್ಟಿ ತುಂಬಿ, ಇರುವುದರಲ್ಲಿ ಎತ್ತರದ ಕಡೆಗೆ ಮೇವು ಹಾಕಿ. ಆಮೇಲೆ ನೀವು ಹೊರಡಿ. ವಾಪಸ್ ಬಂದಾಗ ಅವಕ್ಕೆ ನೀರು ಹಾಕಲು ನೀವು ಇರಬೇಕು.